ಚುಕ್ಕಿಯ ನಕ್ಷೆ, ಹೆಸರಿನ ಪಟ್ಟಿ

ಹುಡುಗನೊಬ್ಬನು ಅಂಗಡಿಯ ಬೀಗ ಮುರಿದು ಸಿಕ್ಕಿಬಿದ್ದನೆಂಬ ಸುದ್ದಿ ಊರಿನಲ್ಲಿ ಹಬ್ಬಿತೆಂದರೆ, ಜನ ಮೊದಲು ಕೇಳುವ ಪ್ರಶ್ನೆ ‘ಅವನು ಯಾರ ಮಗ?’ ಎಂಬುದು. ತಂದೆಯ ಹೆಸರು ತಿಳಿದೊಡನೆ ಕುಲ, ಮನೆತನ, ತಾಯಿ ಸಾಕಿದ ರೀತಿ ಇವೆಲ್ಲವೂ ಜಗುಲಿಯ ಮೇಲೆ ವಿಚಾರಣೆಗೆ ಬರುತ್ತವೆ. ‘ಅವನು ಯಾವ ಬೀದಿಯವನು? ಆ ಬೀದಿಯಲ್ಲಿ ಆಡಲು ಬಯಲುಂಟೆ? ಅಲ್ಲಿಯ ಮಕ್ಕಳಲ್ಲಿ ಎಷ್ಟು ಮಂದಿ ಶಾಲೆಯನ್ನು ನಡುವೆಯೇ ಬಿಟ್ಟಿದ್ದಾರೆ? ಹೋದ ವರ್ಷ, ಅದರ ಹಿಂದಿನ ವರ್ಷ, ಅದೇ ಬೀದಿಯಿಂದ ಎಷ್ಟು ಹುಡುಗರು ನ್ಯಾಯಾಲಯದ ಮೆಟ್ಟಿಲು ಹತ್ತಿದರು?’ ಎಂದು ಕೇಳುವವರು ವಿರಳ. ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ಲೆಕ್ಕಪತ್ರವಿಟ್ಟು ಕೇಳಿ, ದೊರೆತ ಉತ್ತರಗಳ ಬಲದಿಂದ ಬಾಲಾಪರಾಧವನ್ನು ಮುಂಚಿತವಾಗಿಯೇ ತಡೆಯುವ ಪ್ರಯತ್ನ ಕೆಲವು ಊರುಗಳಲ್ಲಿ ನಡೆದಿದೆ. ಅದರ ವೃತ್ತಾಂತವನ್ನೂ, ಅದರೊಳಗೆ ಅಡಗಿರುವ ಒಂದು ಅಪಾಯವನ್ನೂ ವಾಚಕರ ಮುಂದಿಡಬೇಕೆಂದು ನಮ್ಮ ಉದ್ದೇಶ.

‘ಬಾಲಾಪರಾಧ’ ಎಂಬ ಮಾತಿನ ವಿಷಯದಲ್ಲಿ ಮೊದಲೇ ಒಂದು ಸೂಚನೆ. ನಮ್ಮ ದೇಶದ ೧೯೮೬ನೆಯ ಇಸವಿಯ ಕಾಯಿದೆಯಲ್ಲಿ ಅಂಥ ಮಕ್ಕಳಿಗೆ ‘ಅಪರಾಧಿ ಬಾಲ’ ಎಂಬರ್ಥದ ಹೆಸರೇ ಇದ್ದಿತು. ೨೦೦೦ದ ಕಾಯಿದೆ ಅದನ್ನು ತೆಗೆದುಹಾಕಿತು. ಈಗ ಜಾರಿಯಲ್ಲಿರುವ ೨೦೧೫ರ ಕಾಯಿದೆ ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಮಾತು ಉದ್ದವಾಯಿತೆಂದು ಗೊಣಗುವವರು ಇದ್ದಾರೆ. ಆದರೆ ಹಣೆಯ ಮೇಲೆ ಒತ್ತಿದ ಮುದ್ರೆಗೂ ಎಂದೋ ನಡೆದುಹೋದ ಒಂದು ಕೃತ್ಯಕ್ಕೂ ಇರುವ ಅಂತರ ಆ ಉದ್ದದಲ್ಲಿಯೇ ಇದೆ. ಆದಕಾರಣ ಈ ಲೇಖನದಲ್ಲಿ ‘ಅಪರಾಧ’ವೆಂಬ ಪದವನ್ನು ನಾವು ಕೃತ್ಯಕ್ಕೆ ಮಾತ್ರ ಬಳಸುತ್ತೇವೆ, ಮಗುವಿಗಲ್ಲ.

ಈ ವೃತ್ತಾಂತ ಪ್ರಾರಂಭವಾಗುವುದು ಅಮೆರಿಕದ ಷಿಕಾಗೊ ನಗರದಲ್ಲಿ. ದೊಡ್ಡವರ ನ್ಯಾಯಾಲಯದಿಂದ ಪ್ರತ್ಯೇಕವಾಗಿ ಮಕ್ಕಳಿಗಾಗಿಯೇ ಒಂದು ನ್ಯಾಯಾಲಯ ೧೮೯೯ರಲ್ಲಿ ಅಲ್ಲಿ ಸ್ಥಾಪಿತವಾಯಿತು. ಅದರ ಜೊತೆಗೆ ೧೯೦೯ರಲ್ಲಿ ವಿಲಿಯಂ ಹೀಲಿ ಎಂಬ ವೈದ್ಯರ ನೇತೃತ್ವದಲ್ಲಿ ಒಂದು ಪರೀಕ್ಷಾಲಯವೂ ಬಂದಿತು. ಹೀಲಿಯವರು ನ್ಯಾಯಾಲಯಕ್ಕೆ ಬಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಅವರ ದೇಹ, ಬುದ್ಧಿ, ಮನೆ, ಸಹವಾಸ ಎಲ್ಲವನ್ನೂ ಸಾವಧಾನದಿಂದ ಪರೀಕ್ಷಿಸುತ್ತಿದ್ದರು. ಅದು ಬೆಲೆಯುಳ್ಳ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬೊಬ್ಬ ರೋಗಿಯ ನಾಡಿ ಹಿಡಿಯುವ ವೈದ್ಯನಿಗೆ, ಊರಿನ ಬಾವಿಯಲ್ಲಿಯೇ ಕೊಳೆ ಸೇರಿರುವುದು ಬೇಗ ಕಾಣುವುದಿಲ್ಲ.

ಬಾವಿಯನ್ನು ನೋಡಹೊರಟವರು ಕ್ಲಿಫರ್ಡ್ ಷಾ, ಹೆನ್ರಿ ಮೆಕೇ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು. ಇಬ್ಬರೂ ಹಳ್ಳಿಯ ಬೇಸಾಯಗಾರರ ಮಕ್ಕಳು. ಷಾ ತಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳುತ್ತಿದ್ದರಂತೆ: ಆಟದ ಬಂಡಿಯನ್ನು ರಿಪೇರಿ ಮಾಡಲು ಕಮ್ಮಾರನ ಅಂಗಡಿಯಿಂದ ಕೆಲವು ಬೋಲ್ಟುಗಳನ್ನು ಕದ್ದು ಸಿಕ್ಕಿಬಿದ್ದಾಗ, ಕಮ್ಮಾರನು ಹುಡುಗನನ್ನು ತಲೆಕೆಳಗು ಹಿಡಿದು ಜೇಬಿನಿಂದ ಬೋಲ್ಟುಗಳನ್ನು ಉದುರಿಸಿ, ಆಮೇಲೆ ‘ಇವು ನಿನಗೆ ಏತಕ್ಕೆ?’ ಎಂದು ಕೇಳಿ, ತಾನೇ ಕುಳಿತು ಬಂಡಿಯನ್ನು ಸರಿಪಡಿಸಿಕೊಟ್ಟನಂತೆ. ಅದೇ ಕೃತ್ಯ ಷಿಕಾಗೊ ನಗರದ ಹುಡುಗನದಾಗಿದ್ದರೆ ಪೋಲೀಸು, ನ್ಯಾಯಾಲಯ, ಸುಧಾರಣಾಲಯ ಎಂಬ ದಾರಿ ತೆರೆಯುತ್ತಿತ್ತು. ಊರಿನಲ್ಲಿ ಕಮ್ಮಾರನಂಥವನು ಇರುವುದು ಇಲ್ಲದಿರುವುದು ಹುಡುಗನ ಸ್ವಭಾವದಷ್ಟೇ ಮುಖ್ಯವೆಂಬ ಭಾವನೆ ಷಾ ಅವರಲ್ಲಿ ಕಡೆಯವರೆಗೂ ಉಳಿಯಿತು.

ಷಾ ಮತ್ತು ಮೆಕೇ ಮಾಡಿದ ಕೆಲಸ ನೋಡಲು ಬಹು ಸರಳ. ನ್ಯಾಯಾಲಯದ ದಾಖಲೆಗಳನ್ನು ತೆರೆದು, ಅಲ್ಲಿಗೆ ಬಂದ ಪ್ರತಿಯೊಬ್ಬ ಹುಡುಗನ ಮನೆ ನಗರದಲ್ಲಿ ಎಲ್ಲಿದೆಯೋ ಆ ಸ್ಥಳದಲ್ಲಿ ನಕ್ಷೆಯ ಮೇಲೆ ಒಂದು ಚುಕ್ಕಿಯನ್ನು ಇಟ್ಟರು. ೧೯೦೦ರಿಂದ ೧೯೦೬ರವರೆಗಿನ ಹುಡುಗರಿಗೆ ಒಂದು ನಕ್ಷೆ, ೧೯೧೭ರಿಂದ ೧೯೨೩ರವರೆಗೆ ಒಂದು, ೧೯೨೭ರಿಂದ ೧೯೩೩ರವರೆಗೆ ಮತ್ತೊಂದು. ಒಂದೊಂದರಲ್ಲಿಯೂ ಎಂಟು ಸಾವಿರಕ್ಕೂ ಮಿಕ್ಕ ಚುಕ್ಕಿಗಳು. ಹುಡುಗನ ಹೆಸರು ಕಡತದಲ್ಲಿ ಉಳಿಯಿತು. ನಕ್ಷೆಗೆ ಬಂದುದು ಚುಕ್ಕಿ ಮಾತ್ರ.

ಆದರೆ ಚುಕ್ಕಿಗಳನ್ನು ಎಣಿಸಿದರೆ ಸಾಲದು. ಒಂದು ಪೇಟೆಯಿಂದ ೩೦ ಹುಡುಗರು, ಇನ್ನೊಂದು ಪೇಟೆಯಿಂದಲೂ ೩೦ ಹುಡುಗರು ನ್ಯಾಯಾಲಯಕ್ಕೆ ಬಂದರೆಂದು ಇಟ್ಟುಕೊಳ್ಳೋಣ. ಎರಡೂ ಸಮವೆಂದು ತೋರಬಹುದು. ಮೊದಲನೆಯ ಪೇಟೆಯಲ್ಲಿರುವ ಹುಡುಗರು ಒಟ್ಟು ೩೦೦, ಎರಡನೆಯದರಲ್ಲಿ ೩,೦೦೦ ಎಂದು ತಿಳಿದಾಗ ಚಿತ್ರವೇ ಬದಲಾಗುತ್ತದೆ. ಅಲ್ಲಿ ನೂರಕ್ಕೆ ಹತ್ತು, ಇಲ್ಲಿ ನೂರಕ್ಕೆ ಒಂದು. ಆದ್ದರಿಂದ ಷಾ ಮತ್ತು ಮೆಕೇ ನಗರವನ್ನು ಒಂದೊಂದು ಚದರ ಮೈಲಿಯ ಚೌಕಗಳಾಗಿ ವಿಂಗಡಿಸಿ, ಆಯಾ ಚೌಕದಲ್ಲಿ ವಾಸವಾಗಿದ್ದ ಅದೇ ವಯಸ್ಸಿನ ಹುಡುಗರ ಸಂಖ್ಯೆಯನ್ನು ಜನಗಣತಿಯಿಂದ ತೆಗೆದು, ನೂರಕ್ಕೆ ಎಷ್ಟು ಎಂಬ ಪ್ರಮಾಣವನ್ನು ಕಟ್ಟಿದರು. ೧೯೨೭–೩೩ರ ಲೆಕ್ಕದಲ್ಲಿ ಈ ಪ್ರಮಾಣ ಕೆಲವು ಕಡೆ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಕೆಲವು ಕಡೆ ಸುಮಾರು ೧೯. ಎಲ್ಲರೂ ಒಂದೇ ನಗರದ ಮಕ್ಕಳು, ಒಂದೇ ಕಾನೂನಿಗೆ ಒಳಪಟ್ಟವರು ಎಂಬುದನ್ನು ನೆನೆದರೆ ಈ ಅಂತರ ದಿಗಿಲುಗೊಳಿಸುವಂಥದು.

ಪ್ರಮಾಣ ಹೆಚ್ಚಾಗಿದ್ದ ಚೌಕಗಳು ನಗರದ ನಡುವಣ ವ್ಯಾಪಾರಸ್ಥಳದ ಸುತ್ತಲೂ, ಕಸಾಯಿಖಾನೆಗಳು, ರೈಲ್ವೆ ಅಂಗಳಗಳು, ಉಕ್ಕಿನ ಕಾರ್ಖಾನೆಗಳು ಇವುಗಳ ಮಗ್ಗುಲಲ್ಲಿಯೂ ಇದ್ದುವು. ಹೊರವಲಯಕ್ಕೆ ಹೋದಂತೆ ಪ್ರಮಾಣ ಇಳಿಯುತ್ತ ಹೋಗುತ್ತಿತ್ತು. ಶಿಶುಮರಣ, ಕ್ಷಯರೋಗ, ಶಾಲೆ ತಪ್ಪಿಸುವ ಮಕ್ಕಳು ಇವುಗಳ ನಕ್ಷೆಗಳನ್ನು ಬರೆದಾಗ ಅವೂ ಬಹುಮಟ್ಟಿಗೆ ಅದೇ ಚೌಕಗಳಲ್ಲಿ ಕಪ್ಪಾಗಿ ಕಂಡುವು. ಇಷ್ಟು ಯಾರಾದರೂ ಊಹಿಸಬಹುದಾದುದೇ. ಊಹೆಗೆ ಮೀರಿದ ಸಂಗತಿ ಮುಂದಿನದು. ಮೂವತ್ತು ವರ್ಷಗಳ ಅವಧಿಯಲ್ಲಿ ಆ ಚೌಕಗಳ ಜನ ಬದಲಾಗಿಹೋಗಿದ್ದರು. ಮೊದಲು ಅಲ್ಲಿ ಜರ್ಮನರು, ಐರಿಷರು, ಸ್ವೀಡನ್ನಿನವರು ಇದ್ದರು; ಅವರು ಕೈಯಲ್ಲಿ ಕಾಸು ಕೂಡಿದಂತೆ ಹೊರವಲಯಕ್ಕೆ ಸರಿದರು. ಅವರ ಮನೆಗಳಿಗೆ ಇಟಲಿಯವರು, ಪೋಲೆಂಡಿನವರು ಬಂದರು. ಕೆಲವೆಡೆ ಅವರ ಅನಂತರ ದಕ್ಷಿಣ ಪ್ರಾಂತಗಳಿಂದ ಬಂದ ಕಪ್ಪು ಜನರು ನೆಲೆಸಿದರು. ಜನ ಬದಲಾದರೂ ಚೌಕದ ಪ್ರಮಾಣ ಹೆಚ್ಚಾಗಿಯೇ ಉಳಿಯಿತು. ಚೌಕವನ್ನು ಬಿಟ್ಟು ಹೋದವರ ಮಕ್ಕಳಲ್ಲಾದರೋ ಪ್ರಮಾಣ ತಗ್ಗಿತು.

ಆ ಕಾಲದಲ್ಲಿ ‘ಇಂಥ ದೇಶದವರ ರಕ್ತವೇ ಅಂಥದು’ ಎಂದು ಪಂಡಿತರೂ ಪತ್ರಿಕೆಗಳೂ ನಿಸ್ಸಂಕೋಚವಾಗಿ ಹೇಳುತ್ತಿದ್ದುವು. ರಕ್ತದಲ್ಲಿ ದೋಷವಿದ್ದಿದ್ದರೆ ಅದು ಅವರೊಡನೆ ಹೊರವಲಯಕ್ಕೂ ಹೋಗಬೇಕಾಗಿತ್ತು, ಹೋಗಲಿಲ್ಲ. ಮನೆಯ ಬಾಡಿಗೆ ಕಡಮೆಯೆಂದು ಬಂದು, ಅನುಕೂಲ ಕೂಡಿದೊಡನೆ ಹೊರಡಲು ಕಾದಿರುವ ಜನ ತುಂಬಿದ ಕೇರಿಯಲ್ಲಿ, ನೆರೆಮನೆಯ ಹುಡುಗನನ್ನು ‘ಏಕೆ ಮಗು, ಶಾಲೆಗೆ ಹೋಗಲಿಲ್ಲವೆ?’ ಎಂದು ಕೇಳುವ ಬಳಕೆಯೇ ಬೆಳೆಯುವುದಿಲ್ಲ. ಅಂಥ ಕೇರಿಯಲ್ಲಿ ದೊಡ್ಡ ಹುಡುಗರಿಂದ ಚಿಕ್ಕ ಹುಡುಗರು ಕಲಿಯುವ ವಿದ್ಯೆ ಬೇರೆ. ಷಾ ಮತ್ತು ಮೆಕೇ ತೆಗೆದ ತೀರ್ಮಾನ ಇದು. ೧೯೨೯ರಲ್ಲಿ ಒಂದು ಗ್ರಂಥವಾಗಿಯೂ, ೧೯೪೨ರಲ್ಲಿ ಬೇರೆ ನಗರಗಳ ಲೆಕ್ಕವನ್ನೂ ಸೇರಿಸಿ ಮತ್ತೊಂದು ಗ್ರಂಥವಾಗಿಯೂ ಅದು ಪ್ರಕಟವಾಯಿತು. ಈ ನಡುವೆ, ೧೯೩೦ರಲ್ಲಿ, ಹುಡುಗನೊಬ್ಬನು ತನ್ನ ಬಾಳಿನ ಕಥೆಯನ್ನು ತಾನೇ ಹೇಳಿರುವ ‘ದಿ ಜ್ಯಾಕ್‌ರೋಲರ್’ ಎಂಬ ಪುಸ್ತಕವನ್ನು ಷಾ ಹೊರತಂದರು. ಅಲ್ಲಿಯೂ ಹುಡುಗನಿಗೆ ಕೊಟ್ಟುದು ಕಲ್ಪಿತ ನಾಮ.

ಈ ನಕ್ಷೆಯಲ್ಲಿ ಒಂದು ಕೊರತೆಯುಂಟು. ನ್ಯಾಯಾಲಯದ ದಾಖಲೆ ಹೇಳುವುದು ಯಾರು ಸಿಕ್ಕಿಬಿದ್ದರೆಂಬುದನ್ನು ಮಾತ್ರ. ಸಿರಿವಂತರ ಮಗ ಕದ್ದರೆ ತಂದೆ ಅಂಗಡಿಯವನಿಗೆ ಹಣ ತೆತ್ತು ಮಾತು ಮುಗಿಸುತ್ತಾನೆ. ಬಡವರ ಮಗನ ಹಿಂದೆ ಪೋಲೀಸಿನವನು ಮೊದಲೇ ಇರುತ್ತಾನೆ. ಹೀಗಿರಲು ಚುಕ್ಕಿಗಳು ಒಂದು ಪಾಲು ಹುಡುಗರ ನಡತೆಯನ್ನೂ, ಇನ್ನೊಂದು ಪಾಲು ಪೋಲೀಸರ ನಡತೆಯನ್ನೂ ತೋರಿಸುತ್ತವೆ. ೧೯೫೦ರ ದಶಕದಲ್ಲಿ ಜೇಮ್ಸ್ ಷಾರ್ಟ್ ಮತ್ತು ಐವನ್ ನೈ ಎಂಬ ವಿದ್ವಾಂಸರು ಶಾಲೆಯ ಮಕ್ಕಳನ್ನೇ ಹೆಸರಿಲ್ಲದ ಪ್ರಶ್ನಪತ್ರಿಕೆಯ ಮೂಲಕ ‘ನೀವು ಇಂಥದನ್ನು ಮಾಡಿದ್ದುಂಟೆ?’ ಎಂದು ಕೇಳಿದಾಗ, ಸಣ್ಣಪುಟ್ಟ ಅಪರಾಧಗಳು ನ್ಯಾಯಾಲಯದ ಕಡತ ಹೇಳುವುದಕ್ಕಿಂತ ಹೆಚ್ಚು ಸಮನಾಗಿ ಎಲ್ಲ ವರ್ಗದವರಲ್ಲಿಯೂ ಹರಡಿರುವುದು ಕಂಡುಬಂದಿತು. ಕಡತವನ್ನು ಕೇಳುವುದು, ಮಕ್ಕಳನ್ನು ಕೇಳುವುದು ಇವೆರಡೂ ಬೇರೆ ಬೇರೆ ಅಳತೆಗಳೆಂಬುದನ್ನು ವಾಚಕರು ಮುಂದಕ್ಕೂ ನೆನಪಿನಲ್ಲಿಡಬೇಕು.

ನಕ್ಷೆ ಬರೆದು ಗೋಡೆಗೆ ಹಚ್ಚಿ ಸುಮ್ಮನಿದ್ದಿದ್ದರೆ ಷಾ ಅವರ ಹೆಸರು ಗ್ರಂಥಾಲಯದಲ್ಲಿಯೇ ಉಳಿಯುತ್ತಿತ್ತು. ೧೯೩೦ರ ದಶಕದ ಮೊದಲ ವರ್ಷಗಳಲ್ಲಿ ಅವರು ನಗರದ ದಕ್ಷಿಣದಲ್ಲಿದ್ದ ರಸೆಲ್ ಸ್ಕ್ವೇರ್ ಎಂಬ ಪೇಟೆಯಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವ ಪೋಲೆಂಡಿನ ಜನರ ಪೇಟೆ ಅದು. ಸುಧಾರಕರು ಹೊರಗಿನಿಂದ ಬಂದು ಉಪದೇಶ ಮಾಡುವುದು ಅಂದಿನ ರೂಢಿ. ಷಾ ಅದನ್ನು ಬದಿಗಿಟ್ಟು, ಆ ಪೇಟೆಯವರದೇ ಒಂದು ಮಂಡಳಿಯನ್ನು ಕಟ್ಟಿಸಿದರು. ಅವರ ಚರ್ಚಿನ ನೆರವಿನಿಂದ ಹುಡುಗರಿಗೆ ಆಟದ ಕೂಟವಾಯಿತು. ಬೀದಿಯ ಮೂಲೆಯಲ್ಲಿ ಗುಂಪು ಸೇರುವ ಹುಡುಗರ ಬಳಿಗೆ ಅದೇ ಪೇಟೆಯಲ್ಲಿ ಬೆಳೆದ ತರುಣರನ್ನು ಸಂಬಳ ಕೊಟ್ಟು ಕಳುಹಿಸಿದರು. ಸುಧಾರಣಾಲಯದಿಂದ ಬಿಡುಗಡೆಯಾಗಿ ಬಂದ ಹುಡುಗನನ್ನು ಕರೆದು ಕೆಲಸ ಕೊಡಿಸುವ ಹೊಣೆಯೂ ನೆರೆಹೊರೆಯವರದೇ ಆಯಿತು. ‘ಷಿಕಾಗೊ ಏರಿಯಾ ಪ್ರಾಜೆಕ್ಟ್’ ಎಂಬ ಹೆಸರಿನ ಈ ಸಂಸ್ಥೆ ೧೯೩೪ರಲ್ಲಿ ವಿಧಿವತ್ತಾಗಿ ನೋಂದಣಿಯಾಗಿ, ಇಂದಿಗೂ ಬಾಳುತ್ತಿದೆ.

ಪ್ರಯೋಗ ಫಲಿಸಿತೆ? ಇದರಲ್ಲಿ ಕೆಲಸ ಮಾಡಿದ್ದ ಸಾಲೊಮನ್ ಕೋಬ್ರಿನ್ ಎಂಬವರೇ ೧೯೫೯ರಲ್ಲಿ ಇಪ್ಪತ್ತೈದು ವರ್ಷಗಳ ಫಲವನ್ನು ಪರಿಶೀಲಿಸಿ ಬರೆದರು. ಅಪರಾಧ ತಗ್ಗಿರುವುದು ಸಂಭವನೀಯ, ಆದರೆ ಎಷ್ಟೆಂದು ಖಚಿತವಾಗಿ ಅಳೆದು ತೋರಿಸುವುದು ಸಾಧ್ಯವಿಲ್ಲವೆಂದು ಅವರ ಮಾತಿನ ತಾತ್ಪರ್ಯ. ತನ್ನ ಕೆಲಸದ ವಿಷಯದಲ್ಲಿ ಇಷ್ಟು ಮಿತವಾಗಿ ನುಡಿಯುವವರು ಅಪರೂಪ. ತೊಡಕು ಇಷ್ಟೇ: ಪ್ರಯೋಗ ನಡೆದ ಪೇಟೆಯಲ್ಲಿ ಅಪರಾಧ ತಗ್ಗಿದರೆ, ಪ್ರಯೋಗ ನಡೆಯದಿದ್ದರೂ ಅದು ತಗ್ಗುತ್ತಿರಲಿಲ್ಲವೆಂದು ಹೇಗೆ ಬಲ್ಲೆವು? ಅದಕ್ಕೆ ಸಮನಾದ ಇನ್ನೊಂದು ಪೇಟೆಯನ್ನು ಮೊದಲೇ ಆರಿಸಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು.

ಆ ಕೆಲಸ ನಡೆದದ್ದು ಬಹು ಕಾಲದ ಮೇಲೆ, ಅಮೆರಿಕದ ಪಡುವಣ ಕರಾವಳಿಯ ಸಿಯಾಟಲ್ ನಗರದ ವಿಶ್ವವಿದ್ಯಾನಿಲಯದವರಿಂದ. ಡೇವಿಡ್ ಹಾಕಿನ್ಸ್, ರಿಚರ್ಡ್ ಕ್ಯಾಟಲಾನೊ ಎಂಬ ಇಬ್ಬರು ಅದರ ಮುಖ್ಯರು. ಹಾಕಿನ್ಸ್ ಮೊದಲು ನ್ಯಾಯಾಲಯದಿಂದ ಬಿಟ್ಟ ಹುಡುಗರ ಮೇಲ್ವಿಚಾರಣೆಯ ಅಧಿಕಾರಿಯಾಗಿದ್ದವರು. ನೀರಿಗೆ ಬಿದ್ದವರನ್ನು ಎತ್ತುವುದಕ್ಕಿಂತ ಬೀಳದಂತೆ ದಂಡೆಗೆ ಕಟ್ಟೆ ಹಾಕುವುದು ಮೇಲೆಂಬ ಯೋಚನೆ ಅಂಥವರಿಗೆ ಬರುವುದು ಸಹಜ. ಅವರು ಮಾದರಿಯನ್ನು ತೆಗೆದುಕೊಂಡುದು ವೈದ್ಯಶಾಸ್ತ್ರದಿಂದ. ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ೧೯೪೮ರಿಂದ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ವೈದ್ಯರು, ಧೂಮಪಾನ, ರಕ್ತದೊತ್ತಡ ಮುಂತಾದುವು ಹೃದ್ರೋಗದ ಅಪಾಯವನ್ನು ಹೆಚ್ಚಿಸುತ್ತವೆಂದು ತೋರಿಸಿಕೊಟ್ಟರಷ್ಟೆ. ಹಾಗೆಯೇ ಮಕ್ಕಳನ್ನು ತಪ್ಪುದಾರಿಗೆ ಎಳೆಯುವ ಕಾರಣಗಳನ್ನೂ, ಎಳೆಯದಂತೆ ತಡೆಹಿಡಿಯುವ ಕಾರಣಗಳನ್ನೂ ಬೇರೆ ಬೇರೆಯಾಗಿ ಎಣಿಸಬಹುದೆಂದು ಇವರು ಹೇಳಿದರು. ಮನೆಯಲ್ಲಿ ದಿನವೂ ಜಗಳ, ಮಗು ಎಲ್ಲಿದೆಯೆಂದು ತಾಯಿತಂದೆಗೆ ತಿಳಿಯದಿರುವುದು, ಶಾಲೆಯಲ್ಲಿ ಹಿಂದೆ ಬೀಳುವುದು, ಕಾನೂನನ್ನು ಲೆಕ್ಕಿಸದ ಗೆಳೆಯರು, ಸುಲಭವಾಗಿ ಸಿಕ್ಕುವ ಮದ್ಯ — ಇವು ಎಳೆಯುವವು. ಮೆಚ್ಚಿಕೊಳ್ಳುವ ಒಬ್ಬ ಉಪಾಧ್ಯಾಯ, ಊರಿನ ಕೆಲಸದಲ್ಲಿ ಮಗುವಿಗೂ ಒಂದು ಪಾಲು, ಮಾಡಿದ್ದು ಚೆನ್ನಾಯಿತೆಂಬ ಒಂದು ಮಾತು — ಇವು ಹಿಡಿಯುವವು. ಇದರಲ್ಲಿ ಹೊಸದೇನು, ನಮ್ಮ ಅಜ್ಜಿಯರಿಗೂ ತಿಳಿದಿತ್ತಲ್ಲ ಎನ್ನಬಹುದು. ತಿಳಿದಿತ್ತು. ಆದರೆ ಈ ಹತ್ತು ಕಾರಣಗಳಲ್ಲಿ ನಮ್ಮ ಊರಿನಲ್ಲಿ ಬಲವಾಗಿರುವುದು ಯಾವುದೆಂದು ಅಜ್ಜಿಯೂ ಹೇಳಲಾರಳು. ಪೌರಸಭೆಯ ಅಧ್ಯಕ್ಷರಂತೂ ಹೇಳಲಾರರು.

ಅದನ್ನು ತಿಳಿಯುವ ಕ್ರಮಕ್ಕೆ ‘ಕಮ್ಯೂನಿಟೀಸ್ ದಟ್ ಕೇರ್’ ಎಂದು ಹೆಸರು. ಶಾಲೆಗಳಲ್ಲಿ ಒಂದು ಪಾಠದ ಹೊತ್ತಿನಲ್ಲಿ ಮಕ್ಕಳಿಗೆ ಪ್ರಶ್ನಪತ್ರಿಕೆಯನ್ನು ಹಂಚುತ್ತಾರೆ. ಹೆಸರು ಬರೆಯುವಂತಿಲ್ಲ, ಇಷ್ಟವಿಲ್ಲದ ಮಗು ಉತ್ತರಿಸಬೇಕೆಂಬ ಬಲವಂತವೂ ಇಲ್ಲ. ಮಕ್ಕಳು ತಮಾಷೆಗೆ ಸುಳ್ಳು ಬರೆಯುವುದಿಲ್ಲವೆ ಎಂಬ ಶಂಕೆ ವಾಚಕರಿಗೆ ಬಂದೀತು. ಅದಕ್ಕೊಂದು ಜಾಣ ಉಪಾಯವುಂಟು. ಮಾದಕ ಪದಾರ್ಥಗಳ ಪಟ್ಟಿಯ ನಡುವೆ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲದ ಒಂದು ಹೆಸರನ್ನು ಸೇರಿಸಿರುತ್ತಾರೆ. ‘ಅದನ್ನೂ ಸೇವಿಸಿದ್ದೇನೆ’ ಎಂದು ಬರೆದ ಶೂರನ ಪತ್ರಿಕೆಯನ್ನು ಲೆಕ್ಕದಿಂದ ತೆಗೆದಿಡುತ್ತಾರೆ.

ಹೀಗೆ ಬಂದ ಉತ್ತರಗಳನ್ನು ಕೂಡಿಸಿದಾಗ ಊರಿನ ಒಂದು ಜಾತಕ ಸಿದ್ಧವಾಗುತ್ತದೆ. ಅದು ಹೋಗುವುದು ಊರಿನವರದೇ ಒಂದು ಮಂಡಳಿಯ ಮುಂದಕ್ಕೆ. ಶಾಲೆಯ ಮುಖ್ಯೋಪಾಧ್ಯಾಯರು, ಪೌರಸಭೆಯವರು, ಪೋಲೀಸು ಅಧಿಕಾರಿ, ವೈದ್ಯರು, ವರ್ತಕರು, ತಾಯಿತಂದೆಗಳು, ತರುಣರು ಆ ಮಂಡಳಿಯಲ್ಲಿ ಇರುತ್ತಾರೆ. ಅವರು ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗದೆ, ಬಲವಾದ ಎರಡರಿಂದ ಐದು ಕಾರಣಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಆಮೇಲೆ, ಆ ಕಾರಣವನ್ನು ತಗ್ಗಿಸುವುದೆಂದು ಬೇರೆಡೆ ಪರೀಕ್ಷೆಯಿಂದ ಸಿದ್ಧವಾಗಿರುವ ಉಪಾಯಗಳ ಪಟ್ಟಿಯಿಂದ ತಮ್ಮ ಶಕ್ತಿಗೆ ಹೊಂದುವುದನ್ನು ತೆಗೆದುಕೊಳ್ಳುತ್ತಾರೆ. ಈ ಕೊನೆಯ ಮಾತು ಮುಖ್ಯ. ಊರಿನ ಪ್ರಮುಖರಿಗೆ ಸ್ವಂತವಾಗಿ ಹೊಳೆಯುವ ಉಪಾಯವೆಂದರೆ ಸಾಮಾನ್ಯವಾಗಿ ಒಂದು ಮೆರವಣಿಗೆ, ಒಂದು ಭಾಷಣ, ಒಂದು ಬ್ಯಾಂಡು.

ಈ ಕ್ರಮದ ಪರೀಕ್ಷೆ ೨೦೦೩ರಲ್ಲಿ ಏಳು ಸಂಸ್ಥಾನಗಳ ೨೪ ಊರುಗಳಲ್ಲಿ ಆರಂಭವಾಯಿತು. ಒಂದಕ್ಕೊಂದು ಹೋಲುವ ಊರುಗಳನ್ನು ೧೨ ಜೋಡಿಗಳಾಗಿ ಮಾಡಿ, ಪ್ರತಿ ಜೋಡಿಯಲ್ಲಿ ಯಾವ ಊರಿಗೆ ಹೊಸ ಕ್ರಮ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟರು. ಐದನೆಯ ತರಗತಿಯ ೪,೪೦೭ ಮಕ್ಕಳನ್ನು ಮುಂದಿನ ವರ್ಷಗಳಲ್ಲಿ ಬಿಡದೆ ಹಿಂಬಾಲಿಸಿದರು. ಎಂಟನೆಯ ತರಗತಿಯ ಹೊತ್ತಿಗೆ, ಹೊಸ ಕ್ರಮದ ಊರುಗಳ ಮಕ್ಕಳು ಅಪರಾಧದ ಕೃತ್ಯಕ್ಕೆ ಮೊದಲ ಬಾರಿ ಕೈಹಾಕುವ ಸಂಭವ ಉಳಿದ ಊರುಗಳವರಿಗಿಂತ ನೂರಕ್ಕೆ ೨೫ರಷ್ಟು ಕಡಮೆಯಾಗಿತ್ತು; ಮದ್ಯದ ವಿಷಯದಲ್ಲಿ ೩೨, ಸಿಗರೇಟಿನ ವಿಷಯದಲ್ಲಿ ೩೩ರಷ್ಟು ಕಡಮೆ. ಹನ್ನೆರಡನೆಯ ತರಗತಿಯಲ್ಲಿ ನೋಡಿದಾಗಲೂ, ಒಮ್ಮೆಯೂ ಆ ದಾರಿ ತುಳಿಯದವರ ಸಂಖ್ಯೆ ಈ ಊರುಗಳಲ್ಲಿಯೇ ಹೆಚ್ಚು.

ಆದರೂ ಇದನ್ನು ರಾಮಬಾಣವೆಂದು ಭಾವಿಸಬಾರದು. ಹನ್ನೆರಡನೆಯ ತರಗತಿಯ ಹೊತ್ತಿಗೆ, ಹಿಂದಿನ ತಿಂಗಳು ಅಥವಾ ಹಿಂದಿನ ವರ್ಷ ಏನು ಮಾಡಿದಿರೆಂದು ಕೇಳಿದಾಗ ಎರಡು ಬಗೆಯ ಊರುಗಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ದಾರಿ ತುಳಿಯದಂತೆ ತಡೆಯುವುದರಲ್ಲಿ ಕ್ರಮ ಗೆದ್ದಿತು. ತುಳಿದವರನ್ನು ಹಿಂದಿರುಗಿಸುವುದರಲ್ಲಿ ಗೆಲ್ಲಲಿಲ್ಲವೆಂದು ನಾವು ತಿಳಿಯುತ್ತೇವೆ. ಇನ್ನು, ಪರೀಕ್ಷೆಗೊಳಗಾದ ಊರುಗಳೆಲ್ಲ ಐವತ್ತು ಸಾವಿರದೊಳಗಿನ ಜನಸಂಖ್ಯೆಯವು. ಇಂಗ್ಲೆಂಡಿನ ಬಾರ್ನ್‌ಸ್ಲಿ, ಕೊವೆಂಟ್ರಿ ಮತ್ತು ವೇಲ್ಸಿನ ಸ್ವಾನ್ಸಿಗಳಲ್ಲಿ ಇದೇ ಕ್ರಮವನ್ನು ತಂದಾಗ ಫಲ ಅಷ್ಟು ಸ್ಪಷ್ಟವಾಗಿ ಬರಲಿಲ್ಲ.

ಅಂಕಿ ಶಾಲೆಯಿಂದಲೇ ಬರಬೇಕೆಂಬ ನಿಯಮವಿಲ್ಲ. ವೇಲ್ಸಿನ ಕಾರ್ಡಿಫ್ ನಗರದಲ್ಲಿ ಜೋನಾಥನ್ ಷೆಪರ್ಡ್ ಎಂಬ ಶಸ್ತ್ರವೈದ್ಯರು, ಹೊಡೆದಾಟದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬರುವವರಲ್ಲಿ ಬಹು ಮಂದಿಯ ಸುದ್ದಿ ಪೋಲೀಸರಿಗೆ ತಿಳಿದೇ ಇಲ್ಲವೆಂಬುದನ್ನು ಗಮನಿಸಿದರು. ಆಸ್ಪತ್ರೆಯ ಗುಮಾಸ್ತರು ಪ್ರತಿಯೊಬ್ಬರನ್ನೂ ‘ಎಲ್ಲಿ ನಡೆಯಿತು, ಯಾವಾಗ, ಯಾವುದರಿಂದ ಹೊಡೆದರು’ ಎಂದು ಕೇಳಿ ಬರೆದಿಡುವ ಏರ್ಪಾಟಾಯಿತು. ಹೆಸರು ತೆಗೆದು, ಸ್ಥಳ, ಸಮಯ, ಆಯುಧ ಇವನ್ನು ಮಾತ್ರ ಪೋಲೀಸರಿಗೂ ಪೌರಸಭೆಗೂ ಕಳುಹಿಸುತ್ತಿದ್ದರು. ಯಾವ ಬೀದಿಯಲ್ಲಿ ರಾತ್ರಿ ಯಾವ ಹೊತ್ತಿಗೆ ಕಾವಲು ಬೇಕು, ಯಾವ ಬೀದಿಯಲ್ಲಿ ವಾಹನ ನಿಲ್ಲಿಸಬೇಕು, ಯಾವ ಮದ್ಯದಂಗಡಿಯಲ್ಲಿ ಒಡೆದರೆ ಚೂಪಾಗದ ಗಾಜಿನ ಲೋಟ ಬೇಕು ಎಂಬುದು ಆ ಮೂರು ಸಂಗತಿಗಳಿಂದಲೇ ತಿಳಿಯಿತು. ೨೦೧೧ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಹೋಲುವ ೧೪ ನಗರಗಳೊಡನೆ ತೂಗಿ ನೋಡಿದಾಗ, ಹೊಡೆದಾಟದಿಂದ ಗಾಯಗೊಂಡು ಆಸ್ಪತ್ರೆಯಲ್ಲಿ ದಾಖಲಾಗುವವರು ನೂರಕ್ಕೆ ೪೨ರಷ್ಟು ಕಡಮೆ.

ಇಲ್ಲಿಯವರೆಗೆ ಹೇಳಿದ್ದೆಲ್ಲದರಲ್ಲಿ ಅಂಕಿಗೆ ಊರು ಇದೆ, ಬೀದಿ ಇದೆ, ಹೆಸರಿಲ್ಲ. ಹೆಸರನ್ನು ಸೇರಿಸಿದರೆ ಕೆಲಸ ಇನ್ನೂ ಸುಲಭವಾಗದೆ ಎಂದು ಯಾರಿಗಾದರೂ ತೋರುವುದು ಸ್ವಾಭಾವಿಕ. ತೋರಿತು ಕೂಡ. ಚುಕ್ಕಿಯ ನಕ್ಷೆ ಹುಟ್ಟಿದ ಅದೇ ಷಿಕಾಗೊ ನಗರದಲ್ಲಿ ೨೦೧೩ರ ಸುಮಾರಿಗೆ ಪೋಲೀಸರು ಗುಂಡೇಟಿನ ಪ್ರಕರಣಗಳಲ್ಲಿ ಸಿಕ್ಕಿಕೊಳ್ಳುವ ಸಂಭವವುಳ್ಳವರ ಹೆಸರಿನ ಪಟ್ಟಿಯೊಂದನ್ನು ಗಣಕಯಂತ್ರದ ಸಹಾಯದಿಂದ ತಯಾರಿಸಿದರು. ಹಿಂದೆ ಬಂಧನವಾದುದೇ ಮೊದಲಾದ ದಾಖಲೆಗಳ ಮೇಲೆ ಅದರ ಲೆಕ್ಕ. ೨೦೧೬ರಲ್ಲಿ ‘ರ್‍ಯಾಂಡ್’ ಸಂಸ್ಥೆಯ ವಿದ್ವಾಂಸರು ಮೊದಲ ಪಟ್ಟಿಯಲ್ಲಿದ್ದ ೪೨೬ ಜನರ ಪಾಡನ್ನು ಪರಿಶೀಲಿಸಿದರು. ಪಟ್ಟಿಯಲ್ಲಿ ಸೇರಿದ್ದರಿಂದ ಅವರು ಗುಂಡೇಟಿಗೆ ಬಲಿಯಾಗುವ ಸಂಭವ ಕಡಮೆಯಾಗಿರಲಿಲ್ಲ. ಗುಂಡು ಹಾರಿಸಿದ ಆರೋಪದ ಮೇಲೆ ಬಂಧಿತರಾಗುವ ಸಂಭವ ಮಾತ್ರ ಹೆಚ್ಚಿತ್ತು. ೨೦೧೯ರ ನವೆಂಬರಿನಲ್ಲಿ ಆ ಪಟ್ಟಿಯನ್ನು ಕೈಬಿಟ್ಟರು. ಲಂಡನ್ ನಗರದ ಪೋಲೀಸರು ೨೦೧೨ರಲ್ಲಿ ತೆರೆದಿದ್ದ ಗುಂಪುಗಾರರ ಪಟ್ಟಿಯ ಗತಿಯೂ ಹೆಚ್ಚು ಬೇರೆಯಲ್ಲ. ಅದು ವ್ಯಕ್ತಿಗಳ ಮಾಹಿತಿಯ ರಕ್ಷಣೆಯ ಕಾನೂನನ್ನು ಮೀರಿದೆಯೆಂದು ೨೦೧೮ರಲ್ಲಿ ನಿರ್ಣಯವಾಗಿ, ೨೦೨೪ರಲ್ಲಿ ಅದನ್ನು ಮುಚ್ಚಿದರು.

ಫ್ಲಾರಿಡ ಸಂಸ್ಥಾನದ ಪ್ಯಾಸ್ಕೊ ಜಿಲ್ಲೆಯ ವೃತ್ತಾಂತ ಇವಕ್ಕಿಂತ ಖೇದಕರ. ಏಕೆಂದರೆ ಅಲ್ಲಿ ಪಟ್ಟಿಗೆ ಹೋದವರು ಶಾಲೆಯ ಮಕ್ಕಳು. ಜಿಲ್ಲೆಯ ಷೆರೀಫರ ಕಚೇರಿಯವರು ಶಾಲೆಯಲ್ಲಿ ಮಗುವಿನ ಅಂಕಗಳು, ಗೈರುಹಾಜರಿ, ಮನೆಯಲ್ಲಿ ಅನುಭವಿಸಿದ ಸಂಕಟಗಳ ಕಡತ ಇವನ್ನು ಕೂಡಿಸಿ, ಮುಂದೆ ಅಪರಾಧಕ್ಕಿಳಿಯಬಹುದಾದ ಮಕ್ಕಳ ಹೆಸರುಗಳನ್ನು ಆರಿಸುತ್ತಿದ್ದರು. ಮಗುವಿಗಾಗಲಿ ತಾಯಿತಂದೆಗಾಗಲಿ ಇದು ತಿಳಿಯದು. ೨೦೨೦ರಲ್ಲಿ ‘ಟ್ಯಾಂಪಾ ಬೇ ಟೈಮ್ಸ್’ ಪತ್ರಿಕೆ ಇದನ್ನು ಬಯಲಿಗೆ ತಂದಿತು. ಆ ವರದಿಗೆ ೨೦೨೧ರ ಪುಲಿಟ್ಜರ್ ಪಾರಿತೋಷಕವೂ ಸಂದಿತು. ಅದೇ ಕಚೇರಿಯವರು ಮತ್ತೊಂದು ಪಟ್ಟಿಯಲ್ಲಿದ್ದವರ ಮನೆಗಳಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ಮತ್ತೆ ಮತ್ತೆ ಹೋಗಿ ಕಾಟ ಕೊಟ್ಟರೆಂದು ಕೆಲವರು ದಾವೆ ಹೂಡಿದರು. ೨೦೨೪ರ ಡಿಸೆಂಬರಿನಲ್ಲಿ ದಾವೆ ರಾಜಿಯಲ್ಲಿ ಮುಗಿದಾಗ, ದಾವೆದಾರರ ಸಂವಿಧಾನದತ್ತ ಹಕ್ಕುಗಳಿಗೆ ಭಂಗ ಬಂದುದನ್ನು ಕಚೇರಿ ಒಪ್ಪಿಕೊಂಡಿತು.

ವಾಚಕರು ಒಂದು ಕ್ಷಣ ಯೋಚಿಸಬೇಕು. ಶಾಲೆಯಲ್ಲಿ ಹಿಂದೆ ಬೀಳುವುದು ಅಪಾಯದ ಗುರುತೆಂದು ಸಿಯಾಟಲಿನವರೂ ಹೇಳಿದರು, ಪ್ಯಾಸ್ಕೊದವರೂ ಹೇಳಿದರು. ಗುರುತು ಒಂದೇ. ಅಲ್ಲಿ ಅದು ಉಪಾಧ್ಯಾಯರ ಕೊಠಡಿಗೆ ಹೋಗಿ, ‘ನಮ್ಮ ಊರಿನ ಏಳನೆಯ ತರಗತಿಯ ಮಕ್ಕಳಲ್ಲಿ ಇಷ್ಟು ಮಂದಿಗೆ ಓದಿನಲ್ಲಿ ಆಸಕ್ತಿ ಹೋಗಿದೆ, ಪಾಠ ಹೇಳುವ ಬಗೆಯನ್ನು ಬದಲಿಸಬೇಕು’ ಎಂಬ ಮಾತಾಯಿತು. ಇಲ್ಲಿ ಅದು ಪೋಲೀಸಿನವರ ಮೇಜಿಗೆ ಹೋಗಿ, ಒಂದು ಮಗುವಿನ ಹೆಸರಾಯಿತು. ಅಪಾಯದ ಗುರುತೆಂಬುದು ಗುಂಪಿಗೆ ಸಲ್ಲುವ ಮಾತು. ಶಾಲೆ ತಪ್ಪಿಸುವ ನೂರು ಮಕ್ಕಳಲ್ಲಿ ಮುಂದೆ ಕಾನೂನು ಮೀರುವವರು ಉಳಿದ ನೂರರಲ್ಲಿ ಇರುವುದಕ್ಕಿಂತ ಹೆಚ್ಚು ಮಂದಿ ಇರಬಹುದು. ಆದರೆ ಆ ನೂರರಲ್ಲಿಯೂ ಬಹುಪಾಲು ಮಂದಿ ನೆಟ್ಟಗೆ ಬಾಳುವವರೇ. ಯಾರು ಆ ಕೆಲವರು ಎಂದು ಅಂಕಿ ಹೇಳುವುದಿಲ್ಲ. ಹೇಳುತ್ತದೆಂದು ಭ್ರಮಿಸಿ ಬಾಗಿಲು ತಟ್ಟಲು ಹೊರಟರೆ, ತಪ್ಪು ಮಾಡದ ಮಗುವಿನ ಬಾಗಿಲನ್ನೇ ಹೆಚ್ಚು ಸಲ ತಟ್ಟಿದಂತಾಗುತ್ತದೆ. ನೆರೆಯವರು ಕಿಟಕಿಯಿಂದ ನೋಡುತ್ತಾರೆ. ಆ ಮನೆಯ ಮಗುವಿನೊಡನೆ ಆಡಬೇಡವೆಂದು ತಮ್ಮ ಮಕ್ಕಳಿಗೆ ಹೇಳುತ್ತಾರೆ. ಕಾನೂನನ್ನು ಲೆಕ್ಕಿಸದ ಗೆಳೆಯರು ಮಾತ್ರ ಉಳಿಯುತ್ತಾರೆ.

ಹೆಸರು ಬರೆಯದಿದ್ದ ಮಾತ್ರಕ್ಕೆ ಹೆಸರು ಅಡಗಿತೆಂದು ಹೇಳಲಾಗದಿರುವ ಸಂದರ್ಭಗಳೂ ಉಂಟು. ಸಣ್ಣ ಊರಿನ ಒಂದು ತರಗತಿಯಲ್ಲಿ ಇರುವುದೇ ಎಂಟು ಮಕ್ಕಳಾದರೆ, ‘ಹನ್ನೆರಡು ವರ್ಷದ, ತಂದೆಯಿಲ್ಲದ, ಮನೆ ಬದಲಿಸಿದ ಹುಡುಗ’ ಎಂದೊಡನೆ ಯಾರೆಂದು ಎಲ್ಲರಿಗೂ ಗೊತ್ತು. ಆದಕಾರಣ ಬಲ್ಲವರು ಕೆಲವೇ ಮಕ್ಕಳಿರುವ ಗುಂಪಿನ ಅಂಕಿಯನ್ನು ಬೇರೆಯಾಗಿ ಪ್ರಕಟಿಸುವುದಿಲ್ಲ. ಪಕ್ಕದ ಗುಂಪಿನೊಡನೆ ಕೂಡಿಸಿ ಹೇಳುತ್ತಾರೆ. ಊರಿಗೇ ಕೆಟ್ಟ ಹೆಸರು ಬರುವ ಅಪಾಯವೂ ಉಂಟು. ‘ಇಂಥ ಕೇರಿಯಲ್ಲಿ ನೂರಕ್ಕೆ ಇಷ್ಟು’ ಎಂದು ಪತ್ರಿಕೆಯಲ್ಲಿ ಅಚ್ಚಾದರೆ, ಆ ಕೇರಿಯ ಹುಡುಗನಿಗೆ ಕೆಲಸ ಕೊಡಲು ವರ್ತಕನು ಹಿಂದೆಗೆಯುತ್ತಾನೆ. ಚುಕ್ಕಿಯ ನಕ್ಷೆ ಮೊದಲು ಆ ಕೇರಿಯವರ ಕೈಗೆ ಹೋಗಬೇಕೆಂದು ಷಾ ಅವರ ಕೆಲಸವನ್ನು ನೋಡಿದರೆ ನಮಗೆ ತೋರುತ್ತದೆ.

ನಮ್ಮ ದೇಶದ ೨೦೧೫ರ ಕಾಯಿದೆ ಹೆಸರಿನ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಹದಿನೆಂಟು ತುಂಬದ ಮಗುವಿನಲ್ಲಿ ದುರುದ್ದೇಶವಿಲ್ಲವೆಂದೇ ಮೊದಲು ಭಾವಿಸಬೇಕೆಂಬುದು ಅದರ ಮೂಲಸೂತ್ರಗಳಲ್ಲೊಂದು. ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಪತ್ರಿಕೆಗಳಲ್ಲಿ ಬರುವಂತಿಲ್ಲ. ಪ್ರಕರಣ ಮುಗಿದು ಕಾಲ ಕಳೆದ ಮೇಲೆ, ಕೆಲವು ಘೋರ ಪ್ರಕರಣಗಳ ಹೊರತು, ದಾಖಲೆಯನ್ನೇ ನಾಶಮಾಡಬೇಕೆಂದು ವಿಧಿಯುಂಟು. ಹೆಸರನ್ನು ಮರೆಯಲು ಇಷ್ಟು ಏರ್ಪಾಟಿದ್ದರೂ ಬೀದಿಯನ್ನು ನೆನಪಿಡುವ ಏರ್ಪಾಟು ಇನ್ನೂ ಬಲವಾಗಿ ಬೆಳೆದಿಲ್ಲ. ಬೇಕಾದ ಅಂಕಿಗಳೇನೋ ಹತ್ತಿರದಲ್ಲಿಯೇ ಇವೆ: ಶಾಲೆಯ ಹಾಜರಿ ಪುಸ್ತಕ, ಆಸ್ಪತ್ರೆಯ ರಿಜಿಸ್ಟರು, ಪಂಚಾಯಿತಿಯ ಬೀದಿದೀಪದ ಲೆಕ್ಕ. ಒಂದೊಂದೂ ಒಂದೊಂದು ಕಚೇರಿಯ ಬೀರುವಿನಲ್ಲಿ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ಕೂಡಿಸುವ ಪದ್ಧತಿಯೊಂದು ಬಂದಿದೆ. ಊರಿನ ಮಕ್ಕಳು ಪಂಚಾಯಿತಿಯ ಸದಸ್ಯರ ಎದುರಿಗೆ ನಿಂತು ತಮ್ಮ ಕುಂದುಕೊರತೆಗಳನ್ನು ಹೇಳುತ್ತಾರೆ. ಇದು ಅಪರಾಧವನ್ನು ತಡೆಯಲೆಂದು ಹುಟ್ಟಿದ ಪದ್ಧತಿಯಲ್ಲ. ಮಕ್ಕಳ ಹಕ್ಕಿನ ದೃಷ್ಟಿಯಿಂದ ಬಂದುದು. ಆದರೂ ಸಿಯಾಟಲಿನ ಪ್ರಶ್ನಪತ್ರಿಕೆ ಕೇಳುವ ಸಂಗತಿಗಳು ಹಲವು ಅಲ್ಲಿ ಬಾಯಿಮಾತಿನಲ್ಲಿಯೇ ಬರಬಲ್ಲವು. ಎದ್ದು ನಿಂತು ಹೇಳಲಾರದ ಮಾತುಗಳಿಗೆ ಒಂದು ಮುಚ್ಚಿದ ಪೆಟ್ಟಿಗೆ ಇದ್ದು, ಹೇಳಿದ್ದನ್ನು ಬೀದಿಬೀದಿಯಾಗಿ ಎಣಿಸಿ ಬರೆದಿಟ್ಟು, ಮುಂದಿನ ವರ್ಷ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರೆ, ಊರಿನವರಿಗೆ ತಮ್ಮದೇ ಒಂದು ನಕ್ಷೆ ದೊರೆತೀತು. ಅದಕ್ಕೆ ಗಣಕಯಂತ್ರವೂ ಬೇಡ. ಒಂದು ಪುಸ್ತಕ, ಒಂದು ಲೇಖನಿ, ಪುಸ್ತಕವನ್ನು ಬೀಗದಲ್ಲಿಟ್ಟು ಕಾಯುವ ಒಬ್ಬ ಉಪಾಧ್ಯಾಯಿನಿ ಇದ್ದರೆ ಕೆಲಸ ಪ್ರಾರಂಭವಾಗುತ್ತದೆ.